ಗಡಿಗೆಯ ತಳದ ಬಿಸಿಲು

ತಪ್ಪು… ತಪ್ಪು ಏನೋ ಒಂದು ಮಾತಿತ್ತು. ಮುದುಕಿ ಹೊಸ್ತಿಲ ಮೇಲೆ ನಿಂತು ಅದನ್ನೇ ಹುಡುಕುತ್ತಿದ್ದಳು. ದಂಡವಲ್ಲ, ಜುಲ್ಮಾನೆಯೂ ಅಲ್ಲ. ಅವಳು ಹುಟ್ಟಿದ ಊರಿನಲ್ಲಿ ಹೆಂಗಸರು ಸೆರಗೊಡ್ಡಿ ಹೇಳುತ್ತಿದ್ದ ಮಾತು ಅದು. ನಾಲಿಗೆಯ ತುದಿಗೆ ಬಂದು, ಪರವೂರಿನವನ ಹಾಗೆ ಒಳಗೆ ಬರಲೋ ಬೇಡವೋ ಎಂದು ನಿಂತುಕೊಂಡಿತ್ತು. ಎದುರಿಗೆ ಓಲೆಕಾರ ಬೂದುಬಣ್ಣದ ಓಲೆಯನ್ನು ಬಿಚ್ಚಿಹಿಡಿದು ರಾಗವಾಗಿ ಓದುತ್ತಿದ್ದ.

“ಕಾಲ ಬರುವ ಮೊದಲೇ ಗಡಿಗೆ ತೆರೆದದ್ದಕ್ಕೆ ಒಂದು. ತೆರೆದ ಗಡಿಗೆ ತೆರೆದೇ ಇದ್ದದ್ದಕ್ಕೆ ವರ್ಷಕ್ಕೊಂದು. ಕಾಲ ಬಂದ ಮೇಲೆ ಗಡಿಗೆ ಮುಟ್ಟದೇ ಇದ್ದದ್ದಕ್ಕೆ ಇನ್ನೊಂದು. ಎಲ್ಲ ಸೇರಿ, ಈ ಮನೆಯ ಮುದುಕಿಯ ನೆರಳು, ಅಂಗಾಲಿನಿಂದ ನೆತ್ತಿಯವರೆಗೆ, ಊರಿಗೆ ಸಲ್ಲತಕ್ಕದ್ದು.”

ಓದಿ ಮುಗಿಸಿ ಅವನು ಓಲೆಯನ್ನು ಬಾಗಿಲ ಪಟ್ಟಿಗೆ ಕಟ್ಟಿದ. ಮುದುಕಿ ತಂಬಿಗೆಯಲ್ಲಿ ಬಿಸಿನೀರು ತಂದು ಕೊಟ್ಟಳು. ಅವನು ಕೈ ಹಿಂದೆ ಕಟ್ಟಿಕೊಂಡ.

“ಓಲೆ ತಂದ ಮನೆಯಲ್ಲಿ ನೀರು ಮುಟ್ಟುವಂತಿಲ್ಲ, ತಾಯಿ.”

“ಓಲಿ ತರದಿದ್ದಾಗ ನಮ್ಮನಿಗೆ ಯಾಕ ಬರ್ತೀಯಪ್ಪ ನೀ? ಹಂಗಾದ್ರ ನಮ್ಮ ನೀರು ನಿನಗ ಯಾವಾಗೂ ಇಲ್ಲ ಅಂತಾಯ್ತು.”

ಓಲೆಕಾರನಿಗೆ ನಗು ಬಂತು. ನಗುವುದಕ್ಕೂ ಅಪ್ಪಣೆ ಇರಲಿಲ್ಲವೇನೋ, ಬಾಯಿಗೆ ಕೈ ಅಡ್ಡ ಹಿಡಿದ. “ಅಮಾವಾಸ್ಯೆಯೊಳಗೆ ಉತ್ತರ ಬರೆದು ಕೊಡಿ. ಮನೆಯವರ ಕೈಯಲ್ಲೇ ಬರೆದಿರಬೇಕು. ಉತ್ತರ ಬಾರದ ಮನೆಯಲ್ಲಿ ಕೇಳದೆ ಕತ್ತರಿಸುತ್ತಾರೆ,” ಎಂದು ಹೇಳಿ ಹೋದ. ಅವನು ತಿರುವು ದಾಟುವ ಹೊತ್ತಿಗೆ ಮುದುಕಿಗೆ ಮಾತು ಸಿಕ್ಕಿತು. ತಪ್ಪುಗಾಣಿಕೆ. ತಪ್ಪು ಮಾಡಿದವರು ತಾವಾಗಿ ಹೋಗಿ, ದೇವರ ಮುಂದೆ ಇಟ್ಟು, ತಲೆ ಬಾಗಿ ಬರುವುದು. ಇಟ್ಟ ಮೇಲೆ ತಪ್ಪು ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಬೆಳೆಯುತ್ತದೆ. ಅದಕ್ಕೇ ಆ ಮಾತು ಈ ಊರಿನಲ್ಲಿ ನಾಲಿಗೆಗೆ ಹತ್ತಿರಲಿಲ್ಲ.

ಅದು ಚಳಿಯ ಊರು. ಅಲ್ಲಿ ಸೂರ್ಯ ನೆತ್ತಿಗೆ ಏರುವುದೇ ಇಲ್ಲ. ಊರಗೋಡೆಯ ಅಂಚು ಹಿಡಿದುಕೊಂಡು ಕುಂಟುತ್ತ ನಡೆದು, ಮತ್ತೆ ಇಳಿದುಬಿಡುತ್ತಾನೆ. ಅದಕ್ಕೇ ಅಲ್ಲಿ ನೆರಳುಗಳು ಉದ್ದ, ಬಿಸಿಲು ಗಿಡ್ಡ. ದುಡಿಯುವ ಪ್ರತಿಯೊಬ್ಬರಿಗೂ ಒಂದು ಗಡಿಗೆ. ಮಧ್ಯಾಹ್ನ ಕೆಲಸ ನಿಲ್ಲಿಸಿದ ಕೂಡಲೇ ಎಲ್ಲರೂ ಸಾಲಾಗಿ ಕೂತು, ಗಡಿಗೆಯನ್ನು ತೊಡೆಯ ಮೇಲಿಟ್ಟು, ಅದರ ಬಾಯನ್ನು ಸೂರ್ಯನತ್ತ ತಿರುಗಿಸುತ್ತಾರೆ. ಮೈ ನಡುಗುತ್ತಿರಲಿ, ಬೆರಳು ಸೆಟೆದಿರಲಿ, ಆ ಹೊತ್ತಿನ ಬಿಸಿಲು ಗಡಿಗೆಗೆ ಹೋಗಬೇಕು. ಮೊದಲು ಗಡಿಗೆಗೆ, ಆಮೇಲೆ ಮೈಗೆ. ಹಾಲು ಬಿಡದ ಕೂಸುಗಳಿಗೂ ಜೋಗುಳದಲ್ಲಿ ಅದನ್ನೇ ಹೇಳುತ್ತಾರೆ. ಮೊದಲು ಗಡಿಗೆಗೆ, ಆಮೇಲೆ ಮೈಗೆ. ತುಂಬಿದಷ್ಟಕ್ಕೆ ಮೇಣ ಮೆತ್ತಿ ಗಡಿಗೆಮನೆಯಲ್ಲಿಟ್ಟು ಬರುತ್ತಾರೆ. ಮುಪ್ಪಿನಲ್ಲಿ ಚಳಿ ಎಲುಬಿಗಿಳಿದಾಗ ಅದನ್ನು ತೆರೆದು, ದಿನಕ್ಕಿಷ್ಟು ಎಂದು ಕಾಯಿಸಿಕೊಳ್ಳಬಹುದು.

ಮುಪ್ಪು ಬಂದದ್ದನ್ನು ಅವರು ವಯಸ್ಸಿನಿಂದ ಅಳೆಯುವುದಿಲ್ಲ. ತಲೆಯಿಂದ ಒಂದು ಕೂದಲು ಕಿತ್ತು ಹಿಮದ ಮೇಲೆ ಬೀಳಿಸುತ್ತಾರೆ. ಕೂದಲು ಕಂಡರೆ ಕಾಲ ಬಂದಿಲ್ಲ. ಕಾಣದಿದ್ದರೆ ಬಂದಿದೆ.

ಗಡಿಗೆಮನೆಗೆ ಬೀಗವಿಲ್ಲ. ನಿನ್ನ ಗಡಿಗೆ ನಿನ್ನದು, ಬೇಕೆಂದಾಗ ತೆರೆ, ಯಾರೂ ಕೈ ಹಿಡಿಯುವುದಿಲ್ಲ. ತೆರೆದದ್ದರ ಬೆಲೆಯನ್ನು ಮಾತ್ರ ಆಮೇಲೆ, ಕಾಲ ಬಂದು ಗಡಿಗೆ ನೋಡಿದಾಗ, ಹೇಳುತ್ತಾರೆ. ಆ ಬೆಲೆಯನ್ನು ನೆರಳಿನಿಂದ ಕತ್ತರಿಸಿಕೊಳ್ಳುತ್ತಾರೆ.

ಆ ಊರಿನಲ್ಲಿ ನೆರಳೆಂದರೆ ಸಣ್ಣದಲ್ಲ. ಬೆಳಿಗ್ಗೆ ಎಲ್ಲರೂ ಗೋಡೆಯ ಬುಡದಲ್ಲಿ ನಿಂತು ಒಬ್ಬರ ನೆರಳಿಗೆ ಒಬ್ಬರು ನೆರಳು ತಾಗಿಸುತ್ತಾರೆ. ಅದೇ ಅವರ ನಮಸ್ಕಾರ. ಸತ್ತವರ ಗುಂಡಿಯನ್ನು ತೋಡುವುದೂ ನೆರಳಿನ ಅಳತೆಗೆ. ನೆರಳಿಲ್ಲದವರಿಗೆ ನಮಸ್ಕಾರವೂ ಇಲ್ಲ, ಗುಂಡಿಯೂ ಇಲ್ಲ. ಗೋಡೆಯಾಚೆ ಗಾಳಿಗೆ ಬಿಟ್ಟು ಬರುತ್ತಾರೆ.

ಮುದುಕಿ ಬಿಸಿಲ ನಾಡಿನವಳು. ಗಂಡನ ಹಿಂದೆ ಬಂದು ಇಲ್ಲಿ ಬೇರೂರಿದವಳು. ಬಂದ ಹೊಸತರಲ್ಲಿ ಗಡಿಗೆ ಹಿಡಿದು ಕೂತವರನ್ನು ಕಂಡು ಅವಳಿಗೆ ನಗು ತಡೆದಿರಲಿಲ್ಲ. “ನಮ್ಮೂರಾಗ ಬಿಸಲು ಕೂಡಿಡತೀನಿ ಅಂದ್ರ ತಲಿ ಕೆಟ್ಟೈತಿ ಅಂತ ಬೇವಿನ ಗಿಡಕ್ಕ ಕಟ್ಟಿಹಾಕತಿದ್ರು,” ಎಂದಿದ್ದಳು. ಗಂಡ ಅವಳ ಬಾಯಿ ಮುಚ್ಚಿಸಿ ಒಂದು ಗಡಿಗೆ ತಂದುಕೊಟ್ಟಿದ್ದ. ಆಮೇಲೆ ಅವಳೂ ಕೂತಳು. ಮೊದಲು ಗಡಿಗೆಗೆ, ಆಮೇಲೆ ಮೈಗೆ.

ಒಂದು ಚಳಿಗಾಲ ಸೂರ್ಯ ಗೋಡೆಯ ಮೇಲೆ ತಲೆಯನ್ನೇ ಎತ್ತಲಿಲ್ಲ. ಗಂಡ ದೂರದಲ್ಲಿ ಮಂಜುಗಡ್ಡೆ ಒಡೆಯಲು ಹೋಗಿದ್ದ. ಆಗ ಅವಳಿಗೆ ಹೆರಿಗೆಯಾಯಿತು. ಹುಟ್ಟಿದ ಕೂಸು ನೇರಳೆಹಣ್ಣಿನ ಬಣ್ಣಕ್ಕಿತ್ತು, ಅಳಲಿಲ್ಲ. ಸೂಲಗಿತ್ತಿ ಒಲೆಯ ಮುಂದೆ ಹಿಡಿದಳು, ತಿಕ್ಕಿದಳು, ತಲೆಕೆಳಗೆ ಮಾಡಿ ತಟ್ಟಿದಳು. ಕೊನೆಗೆ, “ಬೆಂಕಿಯ ಕಾವು ಚರ್ಮಕ್ಕೆ ಮಾತ್ರ, ಒಳಗೆ ಇಳಿಯುವುದಿಲ್ಲ,” ಎಂದು ಕೈಬಿಟ್ಟಳು. ಹಸಿಬಾಣಂತಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಗಡಿಗೆಮನೆಗೆ ನಡೆದಳು. ಮೇಣವನ್ನು ಹಲ್ಲಿನಿಂದ ಕಚ್ಚಿ ಕಿತ್ತಳು. ಅಷ್ಟು ವರ್ಷದ ಬಿಸಿಲನ್ನು ಕೂಸಿನ ಎದೆಗೆ, ಹೊಟ್ಟೆಗೆ, ಅಂಗಾಲಿಗೆ ಸುರಿದಳು. ಕೂಸು ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು, ಆಮೇಲೆ ಗಡಿಗೆಮನೆಯ ಗೋಡೆ ಬಿರಿಯುವ ಹಾಗೆ ಅತ್ತಿತು.

ಗಡಿಗೆಯ ತಳದಲ್ಲಿ ಒಂದು ಹಿಡಿ ಬಿಸಿಲು ಉಳಿದಿತ್ತು. ಅದನ್ನು ಅವಳು ಸುರಿಯಲಿಲ್ಲ. ಅವಳ ತವರಿನಲ್ಲಿ ಯಾವ ಹೆಂಗಸೂ ಪಾತ್ರೆಯನ್ನು ಪೂರ್ತಿ ಬರಿದು ಮಾಡುವುದಿಲ್ಲ. ಅಕ್ಕಿಯ ಗಡಿಗೆ ಇರಲಿ, ಉಪ್ಪಿನ ಮರಿಗೆ ಇರಲಿ, ಬಗ್ಗಿಸಿ ಬಳಿಯುವುದಿಲ್ಲ. ತಳದಲ್ಲಿ ಒಂದು ಹಿಡಿ ಬಿಡಬೇಕು. ಬಿಟ್ಟರೆ ಮನೆ ತುಂಬಿರುತ್ತದೆ. ಮುಚ್ಚಳ ಇಟ್ಟು, ಗಡಿಗೆಗೆ ಕೈಮುಗಿದು, ಕೂಸನ್ನು ಎತ್ತಿಕೊಂಡು ಮನೆಗೆ ಬಂದಳು. ನೆರಳಿನಲ್ಲಿ ಒಂದು ಗೇಣು ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಹೋಗಲಿ ಎಂದುಕೊಂಡಿದ್ದಳು. ಒಮ್ಮೆ ತೆರೆದು ಸುರಿದ ಗಡಿಗೆಗೆ ಮತ್ತೆ ತುಂಬುವಂತಿಲ್ಲ, ಇನ್ನೊಂದು ಗಡಿಗೆ ಕೊಡುವುದಿಲ್ಲ. ಅದೂ ಗೊತ್ತಿತ್ತು. ಬಂದ ಮುಪ್ಪನ್ನು ಅವಳು ಒಲೆಯ ಬೂದಿಯಲ್ಲಿ ಕಾಲು ಹುಗಿದು ಕಳೆಯುತ್ತಿದ್ದಳು. ಈ ಚಳಿಗಾಲದಲ್ಲಿ ಯಾರೋ ಅವಳ ಒಂದು ಕೂದಲು ಕಿತ್ತು ಹಿಮದ ಮೇಲೆ ಬೀಳಿಸಿದರು. ಕೂದಲು ಕಾಣಲಿಲ್ಲ. ಆಗ ಗಡಿಗೆಯನ್ನು ಕೆಳಗಿಳಿಸಿ ನೋಡಿದರು.

ಓಲೆ ಬಂದ ಮರುದಿನ ಮುದುಕಿ ಮೊಮ್ಮಗಳ ಕೈ ಹಿಡಿದು ಗಡಿಗೆಮನೆಗೆ ಹೋದಳು. ಊರಿನ ಬಿಸಿಲೆಲ್ಲ ಆ ಮನೆಯೊಳಗಿತ್ತು; ಆದರೂ ಅಲ್ಲಿ ಕೂತ ಗುಮಾಸ್ತ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದ. ಅವನ ಉಗುರುಗಳು ನೀಲಿಗಟ್ಟಿದ್ದವು. ಸುತ್ತ ಮೇಣ ಮೆತ್ತಿದ ಸಾವಿರ ಬಾಯಿಗಳು.

“ಇಷ್ಟು ಬಿಸಲಿನ ನಡುವ ಕುಂತು ಥಂಡಿ ಹತ್ತೇತಲ್ರೀ ನಿಮಗ,” ಎಂದಳು ಮುದುಕಿ.

“ನನ್ನದಲ್ಲವಲ್ಲ, ತಾಯಿ.” ಅವನು ಕೆಮ್ಮಿ, ಅವಳ ಗಡಿಗೆಯನ್ನು ಎದುರಿಗಿಟ್ಟುಕೊಂಡ. ಕೆಟ್ಟವನಲ್ಲ. ಕೇಳಿದ್ದಕ್ಕೆಲ್ಲ ಬಿಡಿಸಿ ಹೇಳಿದ. “ನೋಡಿ, ಅವತ್ತು ನೀವು ಪೂರ್ತಿ ಸುರಿದುಬಿಟ್ಟಿದ್ದರೆ ಒಂದು ಗೇಣಿಗೆ ಮುಗಿಯುತ್ತಿತ್ತು. ಬರಿದಾದ ಗಡಿಗೆ ಸತ್ತ ಗಡಿಗೆ, ಅದನ್ನು ಯಾರೂ ಕೇಳುವುದಿಲ್ಲ. ನೀವು ತಳದಲ್ಲಿ ಉಳಿಸಿದಿರಿ. ಉಳಿಸಿದ್ದಕ್ಕೆ ಅದು ಬದುಕಿದ ಗಡಿಗೆ. ಮೇಣವಿಲ್ಲದ ಬದುಕಿದ ಗಡಿಗೆ ಎಂದರೆ ವರ್ಷವರ್ಷವೂ ಹೊಸದಾಗಿ ತೆರೆದ ಹಾಗೆ. ಆಮೇಲೆ ಕೂದಲು ಬೆಳ್ಳಗಾಯಿತು. ಬೆಳ್ಳಗಾದ ಮೇಲೆ ಗಡಿಗೆಯಲ್ಲಿದ್ದದ್ದನ್ನು ತೆಗೆದುಕೊಳ್ಳಲೇಬೇಕು. ನೀವು ತೆಗೆದುಕೊಳ್ಳಲಿಲ್ಲ.”

“ಮೊದಲ ತಗದದ್ದೂ ತಪ್ಪು, ಆಮ್ಯಾಲ ತಗೀದಿದ್ದದ್ದೂ ತಪ್ಪು.”

“ಹೌದು.”

“ಗಡಿಗಿ ಬಳೀಬಾರದ್ರೀ. ತಳದಾಗ ಒಂದ್ ಹಿಡಿ ಬಿಡಬೇಕು. ನಮ್ಮವ್ವ ಹೇಳಿದ್ದು.”

ಗುಮಾಸ್ತ ನಿಟ್ಟುಸಿರು ಬಿಟ್ಟ. “ಕಳ್ಳರ ಹಾಗೆ ಬಳಿದುಕೊಂಡು ಹೋಗಿದ್ದರೆ ಒಂದು ಗೇಣು ಹೋಗುತ್ತಿತ್ತು, ತಾಯಿ. ಭಕ್ತಿ ಮಾಡಿದಿರಿ, ಪೂರ್ತಿ ಹೋಗುತ್ತಿದೆ.”

ಅಳತೆಗೆ ಗಡಿಗೆಯನ್ನು ಬರಿದು ಮಾಡಲೇಬೇಕಿತ್ತು. ಅವನು ಅದನ್ನು ಬೋರಲು ಹಾಕಿದ. ಅಷ್ಟು ವರ್ಷ ಕತ್ತಲಲ್ಲಿ ಕೂತಿದ್ದ ಆ ಒಂದು ಹಿಡಿ ಬಿಸಿಲು ಕಲ್ಲುಹಾಸಿನ ಮೇಲೆ ಬಿತ್ತು. ಬಿದ್ದು, ಬೆಕ್ಕೊಂದು ಮೈಮುರಿದು ಮಲಗಿದಷ್ಟು ಜಾಗಕ್ಕೆ ಹರಡಿತು. ಬಾಗಿಲಲ್ಲಿ ಕಾಯುತ್ತಿದ್ದ ಜನ ಒಬ್ಬೊಬ್ಬರಾಗಿ ಹತ್ತಿರ ಬಂದರು. ಯಾರದೋ ಮಗು ಓಡಿ ಬಂದು ಅದರೊಳಗೆ ಬರಿಗಾಲಿಟ್ಟು ನಕ್ಕಿತು. ಗುಮಾಸ್ತ ಅತ್ತಿತ್ತ ನೋಡಿ ತನ್ನ ನೀಲಿ ಬೆರಳನ್ನು ಮುಂದೆ ಚಾಚಿದ. ಚಾಚುವಷ್ಟರಲ್ಲಿ ಅದು ಆರಿಹೋಯಿತು. ಎಲ್ಲರೂ ಹಿಂದೆ ಸರಿದರು.

ಅವನು ತನ್ನ ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡು, ದನಿ ತಗ್ಗಿಸಿ ಹೇಳಿದ. “ಒಂದು ದಾರಿ ಇದೆ. ಹೆಪ್ಪುಗಟ್ಟಿದ ನೆಲ ಕರಗಿಸಿ ಗುಂಡಿ ತೋಡುವುದಕ್ಕೆ ಬಿಸಿಲು ಸುರಿದರೆ ಅದಕ್ಕೆ ದಂಡವಿಲ್ಲ. ಸಾವಿಗೆ ಮಾಫಿ ಇದೆ. ಕೂಸು ಅವತ್ತೇ ಸತ್ತಿತು, ಗುಂಡಿಗೆ ಸುರಿದೆ ಎಂದು ಉತ್ತರ ಬರೆಯಿರಿ. ತೊಟ್ಟಿಲಿಗೆ ಸುರಿದೆ ಎಂದು ಮಾತ್ರ ಬರೆಯಬೇಡಿ. ತೊಟ್ಟಿಲಿಗೆ ಮಾಫಿ ಇಲ್ಲ.”

“ಕೂಸು ಸತ್ತಿಲ್ಲಲ್ರೀ. ಮಂಜು ಒಡಿಯಾಕ ಹೋಗೇತಿ. ಇವಳ ಅವ್ವ.” ಮುದುಕಿ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟಳು. “ಆಕೀದೂ ಗಡಿಗಿ ಇಲ್ಲೇ ಐತಿ.”

“ಸತ್ತವರ ಗಡಿಗೆಯನ್ನು ಇಟ್ಟುಕೊಳ್ಳುವುದಿಲ್ಲ. ಅದನ್ನು ಊರ ಪಾಲಿಗೆ ಸುರಿದುಕೊಳ್ಳುತ್ತಾರೆ.” ಗುಮಾಸ್ತ ಅವಳ ಮುಖ ನೋಡಲಿಲ್ಲ. “ನಾನು ದಾರಿ ಹೇಳಿದೆ. ದಾರಿ ಚೆನ್ನಾಗಿದೆ ಎಂದು ಹೇಳಲಿಲ್ಲ.”

ಹೊರಗೆ ಗೋಡೆಯ ಬುಡದಲ್ಲಿ ನೆರಳಿಲ್ಲದವನೊಬ್ಬ ಕೂತಿದ್ದ. ನೆರಳಿಲ್ಲದವರ ಮೇಲೆ ಕಣ್ಣು ನಿಲ್ಲುವುದಿಲ್ಲ; ಜನ ಅವನನ್ನು ಕಾಣದೆ ಎಡವುತ್ತಿದ್ದರು. ಅದಕ್ಕೇ ಅವನು ಯಾರಾದರೂ ಹತ್ತಿರ ಬಂದಾಗ ಕೆಮ್ಮುವುದನ್ನು ರೂಢಿ ಮಾಡಿಕೊಂಡಿದ್ದ. ಮುದುಕಿಯೂ ಇಷ್ಟು ವರ್ಷ ಆ ಕೆಮ್ಮು ಕೇಳಿ ಪಕ್ಕಕ್ಕೆ ಸರಿದು ಹೋದವಳೇ. ಇವತ್ತು ನಿಂತಳು.

“ಅಣ್ಣಾ, ಕತ್ತರಿಸುವಾಗ ನೋಯ್ತೈತೇನು?”

ಅವನು ಬೆಚ್ಚಿಬಿದ್ದ. ತನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದ. ಆಮೇಲೆ ಹೇಳಿದ, “ಇಲ್ಲ, ಅಕ್ಕ. ಸೀರೆ ಹರಿದ ಹಾಗೆ ಸದ್ದಾಗುತ್ತದೆ, ಅಷ್ಟೆ.”

“ಆಮ್ಯಾಲ?”

“ಮೊದಮೊದಲು ಮನೆಯವರು ಹುಡುಕುತ್ತಾರೆ. ಎಲ್ಲಿ ಕೂತಿದ್ದೀಯ, ಮಾತಾಡು ಎನ್ನುತ್ತಾರೆ. ಮಾತಾಡಿದರೆ ಸಿಗುತ್ತೇವೆ. ಆಮೇಲಾಮೇಲೆ ಊಟಕ್ಕೆ ಕರೆಯುವುದನ್ನು ಮರೆಯುತ್ತಾರೆ. ಅವರನ್ನು ಬೈದು ಫಲವಿಲ್ಲ. ಕಾಣದ್ದನ್ನು ಯಾರಾದರೂ ಎಷ್ಟಂತ ನೆನಪಿಟ್ಟುಕೊಂಡಾರು?”

ಮೊಮ್ಮಗಳು ಅಜ್ಜಿಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. “ಆಯಿ, ನಾ ಮರಿಯೂದಿಲ್ಲ,” ಎಂದಳು. ನೆರಳಿಲ್ಲದವನು ಮಗುವಿನತ್ತ ನೋಡಿ ನಕ್ಕ. ಆ ನಗುವನ್ನು ಮುದುಕಿ ನೋಡಬಾರದಿತ್ತು, ನೋಡಿದಳು.

ಸಂಜೆಗೆ ಮಗಳು ಮನೆಗೆ ಬಂದಳು. ಹುಬ್ಬಿನ ಮೇಲೆ ಮಂಜಿನ ಪುಡಿ, ಅಂಗೈಯಲ್ಲಿ ಬಿರುಕು. ಬಾಗಿಲಲ್ಲಿ ಕಟ್ಟಿದ ಓಲೆಯನ್ನು ನೋಡಿದಳು, ಗುಮಾಸ್ತ ಹೇಳಿದ ದಾರಿಯನ್ನು ಕೇಳಿದಳು, ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಇಷ್ಟೇ ಏನು? ಬರದ್ಬಿಡು ಅವ್ವಾ, ನಾ ಸತ್ತೆ ಅಂತ. ಬರದ್ರ ಸಾಯ್ತೀನೇನು? ನಾಳೆ ಮುಂಜಾನಿ ಎದ್ದು ರೊಟ್ಟಿ ಕೇಳಿದಾಗ ದೆವ್ವ ಬಂತು ಅಂತ ಓಡಬ್ಯಾಡ ಮತ್ತ.”

“ಬಾಯಿ ಮುಚ್ಚು.”

“ಯಾಕ ಮುಚ್ಚಲಿ? ಸತ್ತವರ ಬಾಯಿ ಯಾರು ಮುಚ್ಚಸ್ತಾರ?”

“ನಿನ್ನ ಗಡಿಗಿ ಸುರಕೋತಾರ.”

“ಸುರಕೊಳ್ಳಲಿ. ಅದರಾಗೇನೈತಿ? ಎಂದಾದ್ರೂ ಬಿಸಲು ಸರಿಯಾಗಿ ಬಿದ್ದೈತೇನು ಈ ಊರಾಗ?”

ಮುದುಕಿ ಮಗಳ ಕೈಯನ್ನು ಎಳೆದು ಒಲೆಯ ಬೆಳಕಿಗೆ ಹಿಡಿದಳು. ತೊಡೆಯ ಮೇಲೆ ಗಡಿಗೆ ಹಿಡಿದೂ ಹಿಡಿದೂ ಆ ಬೆರಳುಗಳು ಗಡಿಗೆಯ ಕಂಠದ ಆಕಾರಕ್ಕೇ ಬಾಗಿಹೋಗಿದ್ದವು. ನೆಟ್ಟಗೆ ಮಾಡಿದರೂ ಆಗುತ್ತಿರಲಿಲ್ಲ. ಮಗಳು ಕೈ ಕಿತ್ತುಕೊಂಡಳು. ನಗು ಆಗಲೇ ನಿಂತಿತ್ತು.

“ನಿನ್ನ ನೆರಳಿಗಿಂತ ನನ್ನ ಗಡಿಗಿ ಹೆಚ್ಚಾತೇನು? ನಿನ್ನ ಗಾಳಿಗೆ ಬಿಟ್ಟು ಬಂದು ನಾ ಬಿಸಲು ಕಾಯಿಸ್ಕೊಂತ ಕುಂದರಲೇನು? ನನ್ನ ಸಲುವಾಗೇ ತಗದದ್ದು ಅದು. ನಾ ಕೇಳಿದ್ದೆನೇನು ನಿನಗ? ನನ್ನ ಬದುಕಸು ಅಂತ ಕೇಳಿದ್ದೆನೇನು?”

ಮಾತು ಆಡಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಗೋಡೆಯ ಕಡೆ ತಿರುಗಿ ಕೂತಳು. ಮುದುಕಿ ಒಲೆಯ ಮುಂದೆ ಕೂತಳು. ರೊಟ್ಟಿಯನ್ನು ಬಿಸಿ ಮಾಡಿ ಮಗಳ ಪಕ್ಕದಲ್ಲಿಟ್ಟಳು.

ಆ ಮನೆಯಲ್ಲಿ ಊರಿನ ಅಕ್ಷರ ಬರುತ್ತಿದ್ದದ್ದು ಮೊಮ್ಮಗಳಿಗೆ ಒಬ್ಬಳಿಗೆ. ಬೆಳಿಗ್ಗೆ ಎದ್ದವಳೇ ಮಗಳು ಆ ಹುಡುಗಿಯ ಮುಂದೆ ಉತ್ತರದ ಹಾಳೆಯನ್ನು ಹಾಸಿ, ಮಸಿಯನ್ನು ಒಲೆಯ ಬಳಿ ಕರಗಿಸಿ ಇಟ್ಟಳು. “ಬರಿ,” ಎಂದಳು. “ಕೂಸು ಹುಟ್ಟಿದ ದಿನಾನ ತೀರ್ಕೊಂತು. ಅದರ ಗುಂಡಿಗೆ ಬಿಸಲು ಸುರದೆ. ಅಷ್ಟ ಬರಿ. ಜಾಸ್ತಿ ಬ್ಯಾಡ.” ಮಂಜು ಒಡೆಯುವ ಹಾರೆಯನ್ನು ಬಗಲಿಗೆ ಸಿಕ್ಕಿಸಿಕೊಂಡು, ಅವ್ವನ ಮುಖ ನೋಡದೆ, ಕೆಲಸಕ್ಕೆ ಹೊರಟುಹೋದಳು.

ಹುಡುಗಿ ಲೇಖನಿ ಹಿಡಿದು ಕೂತಳು. ಬರೆಯಲಿಲ್ಲ. ಮಸಿ ಮತ್ತೆ ಹೆಪ್ಪುಗಟ್ಟಿತು. ಮುದುಕಿ ಅದನ್ನು ಮತ್ತೆ ಕರಗಿಸಿ ಕೊಟ್ಟಳು. ಆಗಲೂ ಬರೆಯಲಿಲ್ಲ.

“ಯಾಕವ್ವಾ?”

“ಆಯಿ, ಅವ್ವ ಹುಟ್ಟಿದ ದಿನಾನ ಸತ್ತಳು ಅಂತ ಬರದ್ರ,” ಹುಡುಗಿ ಹಾಳೆಯನ್ನೇ ನೋಡುತ್ತ ಕೇಳಿದಳು, “ನಾ ಯಾರ ಮಗಳು?”

ಮುದುಕಿ ಕಿಟಕಿಯ ಬಳಿ ಹೋದಳು. ಗೋಡೆಯ ಅಂಚಿನಲ್ಲಿ ಸೂರ್ಯ ಕಾಣಿಸಿಕೊಂಡಿದ್ದ. ದಾರಿಯಲ್ಲಿ ಮಗಳು ಹೋಗುತ್ತಿದ್ದಳು. ಅವಳ ನೆರಳು ಅವಳಿಗಿಂತ ಬಲು ಉದ್ದವಾಗಿ ಬೆಳೆದು, ಹಿಮದ ಮೇಲೆ ಬಿದ್ದು, ಮನೆಯ ಹೊಸ್ತಿಲವರೆಗೂ ಬಂದಿತ್ತು. ಎದುರಿಗೆ ಬಂದ ಇಬ್ಬರು ಹೆಂಗಸರು ತಮ್ಮ ನೆರಳನ್ನು ಅದಕ್ಕೆ ತಾಗಿಸಿ ಹೋದರು. ನೇರಳೆಹಣ್ಣಿನ ಬಣ್ಣದ್ದೊಂದು ಕೂಸು, ಅಷ್ಟು ದೊಡ್ಡ ನೆರಳನ್ನು ಎಳೆದುಕೊಂಡು ನಡೆಯುತ್ತಿತ್ತು. ಮುದುಕಿ ನೋಡುವಷ್ಟು ನೋಡಿದಳು. ಆಮೇಲೆ ಬಂದು ಹುಡುಗಿಯ ಪಕ್ಕದಲ್ಲಿ ಕೂತು, ಅವಳ ತಣ್ಣನೆಯ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ತಿಕ್ಕಿ ತಿಕ್ಕಿ ಬಿಸಿ ಮಾಡಿದಳು.

“ನಾ ಹೇಳತೀನಿ, ನೀ ಬರಿ. ಗಡಿಗಿ ತಗದದ್ದು ಖರೆ. ತೊಟ್ಟಲಿಗೆ ಸುರದದ್ದು ಖರೆ.”

ಹುಡುಗಿ ಬರೆದಳು. ಕೈ ನಿಂತಿತು. “ಆಯಿ, ನಿನ್ನ ನೆರಳು?”

“ಅದನ್ನ ಅವರು ಬರಕೋತಾರ. ಅದು ನಮ್ಮ ಕೆಲಸ ಅಲ್ಲ.”

ಹುಡುಗಿಯ ಕಣ್ಣಿನಿಂದ ಒಂದು ಹನಿ ಹಾಳೆಯ ಮೇಲೆ ಬಿತ್ತು. ಮುದುಕಿ ಅದನ್ನು ಸೆರಗಿನ ತುದಿಯಿಂದ, ಮಸಿ ಹರಡದ ಹಾಗೆ, ಮೆಲ್ಲಗೆ ಒತ್ತಿ ತೆಗೆದಳು.

“ಇನ್ನೊಂದ ಮಾತೈತಿ. ಕೂಸು ಬದುಕಿತು ಅಂತ ಬರಿ,” ಎಂದಳು. “ಒತ್ತಿ ಬರಿ.”